ಮ್ಯಾಗ್ನೆಟ್ ಹೇಳಿದ್ದು, ನಾನು ಹೇಳಿದ್ದು

ನವೆಂಬರ್ ಆರು. ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಕುಷ್ಟಗಿಯ ಸಾವ್ಕಾರರ ಡೀಸೆಲ್ ಗಾಡಿ ಗಂಗಾವತಿಯ ನಮ್ಮ ಗ್ಯಾರೇಜಿನ ಗುಂಡಿಯ ಮೇಲೆ ಬಂದು ನಿಂತಿತು. ಆ ದಿನದ ನನ್ನ ದಿನಚರಿಯಲ್ಲಿ ಹೀಗಿದೆ:

"ಹಿಂದಿನ ಸಲ ಎಣ್ಣೆ ಬದಲಿಸಿದ ಮೇಲೆ ಓಡಿದ್ದು 9,840 ಕಿ.ಮೀ. ಎಂಜಿನ್ ಬಿಸಿ ಇದ್ದಾಗಲೇ ಇಳಿಸಿದ್ದು. ಮ್ಯಾಗ್ನೆಟ್ ಮೇಲೆ ಬೂದು ಲೇಪ, ಅಕ್ಕಿಕಾಳಿನಷ್ಟು. ಚೂರು ಇಲ್ಲ. ಏರ್ ಫಿಲ್ಟರ್ ಮಿಸ್ತ್ರಿ ನೋಡಿದರು, ಸರಿ. ಮಾದರಿ ಸಂಖ್ಯೆ 5."

ಒಬ್ಬ ಮನುಷ್ಯನ ನೌಕರಿ ಉಳಿಸಲು ಈ ಸಾಲುಗಳು ಸಾಕಾಗುತ್ತಿದ್ದವು. ಹನ್ನೊಂದು ದಿನ ಕಳೆದ ಮೇಲೆ, ಅವು ಬೇಕಾದ ಹೊತ್ತಿನಲ್ಲಿ, ಬರೆದವಳೇ ಅವನ್ನು ತಿರುವಿ ನೋಡಲಿಲ್ಲ. ಮುಂದೆ ಆದದ್ದನ್ನೆಲ್ಲ ದಿನಚರಿ ಎದುರಿಗಿಟ್ಟುಕೊಂಡೇ ಬರೆಯುತ್ತಿದ್ದೇನೆ. ನನಗೆ ಅನುಕೂಲವಾಗುವಂತೆ ನೆನಪು ತಿದ್ದಿಕೊಂಡೀತು ಎಂಬ ಹೆದರಿಕೆ ಇದೆ.

ಎಂಜಿನ್ನಿನ ಅಡಿಯಲ್ಲಿ ಎಣ್ಣೆ ಇಳಿಸುವ ತೂತಿಗೆ ಒಂದು ಬೋಲ್ಟು ಇರುತ್ತದೆ. ಅದೇ ಡ್ರೈನ್ ಪ್ಲಗ್, ತುದಿಗೆ ಮ್ಯಾಗ್ನೆಟ್ ಕೂಡಿಸಿದ್ದೂ ಸಿಗುತ್ತದೆ. ಎಂಜಿನ್ ಸವೆದಾಗ ಬರುವ ಕಬ್ಬಿಣದ ಪುಡಿ ಎಣ್ಣೆಯಲ್ಲಿ ತಿರುಗುವ ಬದಲು ಅದಕ್ಕೆ ಅಂಟಿ ಕೂರುತ್ತದೆ. ನಮ್ಮ ಮಿಸ್ತ್ರಿ ಕಾಕಾ ಅದನ್ನು ಓದುವ ರೀತಿ ಸರಳ: "ಕಾಡಿಗಿ ಹಂಗಿದ್ರ ಛಲೋ, ಸೂಜಿ ಹಂಗಿದ್ರ ಎಂಜಿನ್ ಬಿಚ್ಚೂದ." ಪ್ರತಿ ಗಾಡಿಯ ಪ್ಲಗ್ಗನ್ನು ನಾನು ಬಿಳಿ ಬಟ್ಟೆಯಲ್ಲಿ ಒತ್ತಿ, ಆ ಗುರುತನ್ನು ಪಾರದರ್ಶಕ ಟೇಪಿನಿಂದ ಎತ್ತಿ, ದಿನಚರಿಯಲ್ಲಿ ಅಂಟಿಸಿ ಪಕ್ಕದಲ್ಲಿ ತಾರೀಖು ಬರೆಯುತ್ತಿದ್ದೆ. ಆಗ ಅಂಥ ನೂರಾ ಮೂವತ್ತೆರಡು ಗುರುತುಗಳಿದ್ದವು.

ಅಕ್ಟೋಬರಿನಲ್ಲಿ ಗ್ಯಾರೇಜಿನ ಮಾಲಕರನ್ನು ಒಪ್ಪಿಸಿ ಇನ್ನೊಂದು ಕೆಲಸ ಶುರು ಮಾಡಿದೆ. ಇಳಿಸಿದ ಎಣ್ಣೆಯನ್ನು ಒಂದು ಸಣ್ಣ ಬಾಟಲಿಯಷ್ಟು ತೆಗೆದು ಹೊರಜಿಲ್ಲೆಯ ಪ್ರಯೋಗಾಲಯಕ್ಕೆ ಕಳಿಸುವುದು. ಅದರಲ್ಲಿ ಕಬ್ಬಿಣ ಎಷ್ಟು, ತಾಮ್ರ ಎಷ್ಟು, ಅಲ್ಯೂಮಿನಿಯಂ ಎಷ್ಟು, ಸಿಲಿಕಾನ್ ಎಷ್ಟು ಎಂದು ಅವರು ಅಳೆದು ವರದಿ ಕೊಡುತ್ತಾರೆ. ಲೆಕ್ಕ ಹತ್ತು ಲಕ್ಷ ಪಾಲಿನಲ್ಲಿ ಇಷ್ಟು ಎಂದು. ಸಿಲಿಕಾನ್ ಎಂದರೆ ಸಾಮಾನ್ಯವಾಗಿ ಮರಳು, ಮಣ್ಣು, ಗಾಳಿ ಸೋಸುವ ಏರ್ ಫಿಲ್ಟರ್ ದಾಟಿ ಒಳಬಂದ ರಸ್ತೆಯ ಧೂಳು. ಮ್ಯಾಗ್ನೆಟ್ ಕಬ್ಬಿಣವನ್ನಷ್ಟೇ ಹೇಳುತ್ತದೆ, ವರದಿ ಎಲ್ಲವನ್ನೂ ಹೇಳುತ್ತದೆ ಎಂದು ಮಾಲಕರಿಗೆ ಪಾಠ ಮಾಡಿದವಳು ನಾನೇ.

ಮೊದಲ ನಾಲ್ಕು ಮಾದರಿಗಳನ್ನು ಕೈಪಂಪಿನಿಂದ ತೆಗೆದೆ. ಎಣ್ಣೆ ಮಟ್ಟ ನೋಡುವ ಕಡ್ಡಿಯ ದಾರಿಯಲ್ಲಿ ಸಣ್ಣ ನಳಿಕೆ ಇಳಿಸಿ ಎಳೆದರೆ ಎಣ್ಣೆ ನೇರ ಬಾಟಲಿಗೆ ಬರುತ್ತದೆ. ನವೆಂಬರ್ ನಾಲ್ಕಕ್ಕೆ ನಳಿಕೆ ಸೀಳಿತು. ಹೊಸದಕ್ಕೆ ಬರೆದು ಹಾಕಿದೆ, ಬರಲಿಲ್ಲ. ಪ್ರಯೋಗಾಲಯದ ಸೂಚನೆಯಲ್ಲಿ ಇನ್ನೊಂದು ದಾರಿಯೂ ಇತ್ತು: ಪ್ಲಗ್ ಬಿಚ್ಚಿ, ಮೊದಲು ಒಂದಿಷ್ಟು ಹರಿಯಲು ಬಿಟ್ಟು, ನಡುವಿನ ಧಾರೆಗೆ ನೇರವಾಗಿ ಬಾಟಲಿ ಹಿಡಿಯಬೇಕು. ನೇರವಾಗಿ ಎಂಬುದರ ಕೆಳಗೆ ಅವರು ಗೆರೆ ಹಾಕಿದ್ದರು.

ಹಿಡಿದು ನೋಡಿದೆ. ಸುಡುವ ಎಣ್ಣೆ ಕೈಮೇಲೆ ಬಂತು. ಬಾಟಲಿಯ ಬಾಯಿ ಸಣ್ಣದು, ಹೊರಗೆಲ್ಲ ಚೆಲ್ಲಿ ಚೀಟಿಯ ಅಕ್ಷರ ಅಳಿಸಿಹೋಯಿತು. ನನಗೆ ಅದು ಸಹಿಸಲಾಗಲಿಲ್ಲ. ಎಣ್ಣೆಯನ್ನು ಒಂದು ಸ್ಟೀಲ್ ಲೋಟಕ್ಕೆ ಹಿಡಿದು, ಅಲ್ಲಿಂದ ಬಾಟಲಿಗೆ ಬಗ್ಗಿಸಿದೆ. ಆ ಕೆಲಸಕ್ಕೇ ಮನೆಯಿಂದ ತಂದ ಲೋಟ ಅದು. ಬೇರೆ ಗಾಡಿಯ ಎಣ್ಣೆ ಉಳಿಯಬಾರದೆಂದು ಪ್ರತಿ ಸಲ ತಿಕ್ಕಿ, ತೊಳೆದು, ಬಿಸಿಲಿಗೆ ಬೋರಲು ಹಾಕುತ್ತಿದ್ದೆ. ದಿನಚರಿಯಲ್ಲಿ "ಲೋಟ ತೊಳೆದದ್ದು: ಹೌದು" ಎಂದು ಒಂದು ಕಾಲಮ್ಮೂ ಇತ್ತು.

ಆ ಬೆಳಿಗ್ಗೆ ಸಾವ್ಕಾರರ ಚಾಲಕ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ನನ್ನ ಕೆಲಸ ನೋಡುತ್ತಿದ್ದ. ಹನುಮಸಾಗರದವನು, ನಲವತ್ತು ದಾಟಿರಬೇಕು, ಆ ಮನೆಯಲ್ಲಿ ಎಂಟು ವರ್ಷದಿಂದ ಗಾಡಿ ಹೊಡೆಯುತ್ತಿದ್ದ.

"ಏನ್ ತಂಗಿ, ಎಣ್ಣಿಗೂ ರಕ್ತಪರೀಕ್ಷಾ ಬಂತೇನು?"

"ಹೌದ್ರಿ ಅಣ್ಣಾರ. ಒಳಗ ಏನೇನೈತಿ ಎಲ್ಲಾ ಗೊತ್ತಾಗ್ತೈತಿ."

"ಹಂಗಾದ್ರ ಸಾವ್ಕಾರ್ರಿಗೆ ಒಂದ್ ಬಾಟ್ಲಿ ಚುಚ್ಚವಾ. ಪಗಾರ ಹೆಚ್ಚು ಮಾಡೂ ವಿಚಾರ ಒಳಗ ಐತೋ ಇಲ್ಲೋ ನೋಡೂಣು."

ಮಿಸ್ತ್ರಿ ಕಾಕಾ ನಕ್ಕು ಪ್ಲಗ್ಗನ್ನು ಬೆಳಕಿಗೆ ಹಿಡಿದರು. "ಎಂಟು ವರ್ಷದ ಗಾಡಿ ಅಂದ್ರ ಯಾರ್ ನಂಬ್ತಾರ? ಭಾಳ ಛಲೋ ಇಟ್ಟಿ ಬಿಡಪಾ" ಎಂದರು. ಚಾಲಕ ಎದ್ದು ಗಾಡಿಯ ಬಾನೆಟ್ಟನ್ನು ತೋಳಿನಿಂದಲೇ ಒಮ್ಮೆ ಒರೆಸಿದ.

ನವೆಂಬರ್ ಹದಿನೇಳಕ್ಕೆ ವರದಿ ಬಂತು. ಕಬ್ಬಿಣ 22. ತಾಮ್ರ 4. ಅಲ್ಯೂಮಿನಿಯಂ 3. ಸಿಲಿಕಾನ್ 64. ಹಿಂದಿನ ನಾಲ್ಕು ಗಾಡಿಗಳಲ್ಲಿ ಸಿಲಿಕಾನ್ ಹದಿನಾಲ್ಕನ್ನು ದಾಟಿರಲಿಲ್ಲ. ಆ ಸಾಲಿನ ಪಕ್ಕ ಕೆಂಪು ಗುರುತು, ಕೆಳಗೆ ಎರಡು ವಾಕ್ಯ: "ಧೂಳು ಒಳಸೇರಿರುವ ಸಾಧ್ಯತೆ, ಏರ್ ಫಿಲ್ಟರ್ ಪರಿಶೀಲಿಸಿ. ಖಚಿತಪಡಿಸಿಕೊಳ್ಳಲು ಮರುಮಾದರಿ ಕಳಿಸಿ."

ಆ ದಿನವೇ ಸಾವ್ಕಾರರು ಗಂಗಾವತಿಗೆ, ನಮ್ಮ ಗ್ಯಾರೇಜಿಗೆ ಬಂದಿದ್ದರು. ಗೊಬ್ಬರ, ಬೀಜದ ದೊಡ್ಡ ಅಂಗಡಿಯವರು. ಮೊಣಕಾಲಿನ ಚಿಕಿತ್ಸೆಗೆಂದು ಅಕ್ಟೋಬರಿನಲ್ಲಿ ಮೂರು ವಾರ ಊರಲ್ಲಿರಲಿಲ್ಲ. ಇನ್ನೂ ಕೋಲು ಹಿಡಿದೇ ನಡೆಯುತ್ತಿದ್ದರು. ಚಾಲಕ ಹೊರಗೆ ನಿಂತು ಗಾಡಿಯ ಗಾಜು ಒರೆಸುತ್ತಿದ್ದ. ನಾನು ಒಳಗೆ ಸಾವ್ಕಾರರ ಮುಂದೆ ವರದಿ ಬಿಡಿಸಿದೆ.

"ಸಿಲಿಕಾನ್ ಅಂದ್ರ ಏನವಾ?"

"ಧೂಳ್ರಿ. ಹತ್ತಿಪ್ಪತ್ತು ಇರಬೇಕಾದದ್ದು ಅರವತ್ನಾಕು ಐತ್ರಿ."

"ನನ್ನ ಗಾಡಿ ಡಾಂಬರ ಬಿಟ್ಟು ಇಳಿಯೂದಿಲ್ಲ. ಧೂಳು ಎಲ್ಲಿಂದ ಬರ್ತೈತಿ?"

ಇಲ್ಲಿ ನಾನು ವರದಿಯ ಎರಡನೆಯ ವಾಕ್ಯ ಓದಬೇಕಾಗಿತ್ತು. ಓದಲಿಲ್ಲ. ಸಾವ್ಕಾರರು ನನ್ನ ಮುಖವನ್ನೇ ನೋಡುತ್ತಿದ್ದರು. ಗ್ಯಾರೇಜಿನಲ್ಲಿ ಒಂದು ಎಂಜಿನ್ನಿನ ಬಗ್ಗೆ ಯಾರಾದರೂ ಮಿಸ್ತ್ರಿಯನ್ನು ಬಿಟ್ಟು ನನ್ನನ್ನು ಕೇಳಿದ್ದು ಅದೇ ಮೊದಲು. ನಾನು ಹೇಳಿದೆ: "ಇಷ್ಟು ಬರಬೇಕಂದ್ರ ಫಿಲ್ಟರ್ ಸಡ್ಲ ಇಟ್ಟು ಕಚ್ಚಾ ರಸ್ತ್ಯಾಗ ಭಾಳ ಓಡಿಸಿರಬೇಕ್ರಿ."

ಸಾವ್ಕಾರರು ವರದಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. "ನಾ ಇಲ್ಲದಾಗ ಗಾಡಿ ನವಲಿ ಕಡಿ ಹೊಲದ ದಾರ್ಯಾಗ ಕಂಡಿತ್ತಂತ ಒಬ್ರು ಹೇಳಿದ್ರು. ನಾ ನಂಬಿದ್ದಿಲ್ಲ" ಎಂದರು.

ಮಿಸ್ತ್ರಿ ಕಾಕಾ ಕೈ ಒರೆಸುತ್ತ ಒಳಗೆ ಬಂದರು. "ಸಾವ್ಕಾರ್ರ, ಅಷ್ಟು ಧೂಳು ಹೊಕ್ಕಿದ್ರ ಎಂಜಿನ್ ತಿಂದು ಹಾಕ್ತಿತ್ರಿ. ಮ್ಯಾಗ್ನೆಟ್ ಸುಮ್ನ ಇರತಿತ್ತೇನು? ಅದು ಕಾಡಿಗಿ ಹಂಗ ಇತ್ತು."

"ಕಾಕಾ, ಮ್ಯಾಗ್ನೆಟ್ ಧೂಳು ಹಿಡಿಯೂದಿಲ್ಲ" ಎಂದೆ ನಾನು. ಆ ಮಾತು ನಿಜ. ಅವರು ಕೇಳಿದ್ದು ಮಾತ್ರ ಬೇರೆಯೇ ಆಗಿತ್ತು. ಅವರ ಪ್ರಶ್ನೆ ನನಗೆ ಅರ್ಥವಾಗಿತ್ತು, ಉತ್ತರ ಇರಲಿಲ್ಲ, ಅದಕ್ಕೆ ಪಕ್ಕದ ಪ್ರಶ್ನೆಗೆ ಉತ್ತರ ಕೊಟ್ಟೆ.

ಸಾವ್ಕಾರರು ವರದಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಹೋದರು. ಹೊರಡುವಾಗ ಚಾಲಕ ನನಗೆ ಕೈ ಎತ್ತಿ, "ಬರ್ತೀನವಾ ತಂಗಿ" ಎಂದ.

ನಾಲ್ಕು ದಿನದ ಮೇಲೆ ಅದೇ ಗಾಡಿ ಟೈರು ನೋಡಿಸಲು ಬಂತು. ಚಾಲಕ ಬೇರೆ. ಹಳೆಯವನು ಎಲ್ಲಿ ಎಂದು ಕಾಕಾ ಕೇಳಿದರು.

"ಬಿಡಿಸ್ಯಾರ್ರಿ. ಅಂಗಡಿ ಮುಂದ, ಹಮಾಲರೆಲ್ಲಾ ನಿಂತಿದ್ರು. ಸಾವ್ಕಾರ್ರು ಕಾಗದ ತಗದು ತೋರ್ಸಿದ್ರು. ನನ್ನ ಗಾಡಿ ಬಾಡಿಗಿಗೆ ಹೊಡದು ತಿಂದಿ, ನಿನ್ನ ಹೊಲಸು ಎಣ್ಣ್ಯಾಗ ಬಿದ್ದೈತಿ ಅಂದ್ರು."

"ಅಂವ ಏನಂದ?"

"ಏನೂ ಅನ್ಲಿಲ್ರಿ. ಕೀಲಿ ಇಟ್ಟು ಹೋದ."

ಆ ರಾತ್ರಿ ನಾನು ಬರೆದದ್ದು ಒಂದೇ ಸಾಲು: "ಕುಷ್ಟಗಿ ಗಾಡಿಗೆ ಹೊಸ ಚಾಲಕ." ಅಯ್ಯೋ ಅನಿಸಿತ್ತು, ಸುಳ್ಳಲ್ಲ. ಆದರೆ ಅದರ ಅಡಿಯಲ್ಲಿ ಇನ್ನೊಂದು ಭಾವವೂ ಇತ್ತು. ನಾನು ಶುರು ಮಾಡಿದ ಪರೀಕ್ಷೆ ಒಂದು ಕಳ್ಳತನ ಹಿಡಿಯಿತು ಎಂಬ ಸಮಾಧಾನ. ಅದನ್ನು ದಿನಚರಿಯಲ್ಲಿ ಬರೆಯಲಿಲ್ಲ, ಈಗ ಬರೆಯುತ್ತಿದ್ದೇನೆ.

ಡಿಸೆಂಬರಿನಲ್ಲಿ ಉಳಿದ ವರದಿಗಳು ಬಂದವು. ಆರನೆಯ ಮಾದರಿ ಯಲಬುರ್ಗಾದ ಒಬ್ಬ ಶಾಲಾ ಶಿಕ್ಷಕರ ಕಾರು: ಸಿಲಿಕಾನ್ 51. ಹಳ್ಳಿಗೆ ಓಡಾಡುತ್ತಾರೆ, ಇರಬಹುದು ಎಂದುಕೊಂಡೆ. ಏಳನೆಯದು ಕೊಪ್ಪಳದ ಒಂದು ಬಾಡಿಗೆ ಗಾಡಿ: 70. ಬಾಡಿಗೆ ಗಾಡಿಯಲ್ಲವೆ, ಎಲ್ಲಿ ಬೇಕಾದರೂ ಹೋಗಿರುತ್ತದೆ ಎಂದುಕೊಂಡೆ. ಪ್ರತಿಯೊಂದಕ್ಕೂ ನನ್ನ ಹತ್ತಿರ ಒಂದು ಕತೆ ತಯಾರಿರುತ್ತಿತ್ತು.

ಎಂಟನೆಯದು ಗಂಗಾವತಿಯ ಒಬ್ಬ ವೈದ್ಯೆಯ ಕಾರು. ಮನೆಯಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಮನೆ, ಎರಡು ಕಿಲೋಮೀಟರು. ಏರ್ ಫಿಲ್ಟರನ್ನು ಹಿಂದಿನ ತಿಂಗಳಷ್ಟೇ ನಾವೇ ಹೊಸದು ಹಾಕಿದ್ದೆವು. ಡಿಸೆಂಬರ್ ಹತ್ತೊಂಬತ್ತಕ್ಕೆ ಅದರ ವರದಿ ಬಂತು. ಸಿಲಿಕಾನ್ 58.

ಇದಕ್ಕೆ ಕತೆ ಸಿಗಲಿಲ್ಲ.

ಊಟ ಬಿಟ್ಟು ದಿನಚರಿ ಬಿಡಿಸಿದೆ. ಒಂದು ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ಮೊದಲ ನಾಲ್ಕು ಗಾಡಿ, ಬಲಕ್ಕೆ ನಂತರದ ನಾಲ್ಕು ಬರೆದೆ. ಎಡಕ್ಕೆ ಸಿಲಿಕಾನ್ 9, 12, 8, 14. ಬಲಕ್ಕೆ 64, 51, 70, 58. ಕಬ್ಬಿಣ ಎರಡೂ ಕಡೆ ಒಂದೇ ಥರ. ಬಲಗಡೆಯ ಒಂದು ಮ್ಯಾಗ್ನೆಟ್ಟಿನ ಗುರುತಿನಲ್ಲೂ ಸೂಜಿಯಂಥದ್ದು ಇರಲಿಲ್ಲ. ಆಮೇಲೆ ಅಲ್ಯೂಮಿನಿಯಂ ನೋಡಿದೆ. ಮಣ್ಣಿನಲ್ಲಿ ಸಿಲಿಕಾನ್ ಜೊತೆಗೆ ಅಲ್ಯೂಮಿನಿಯಂ ಇದ್ದೇ ಇರುತ್ತದೆ, ರಸ್ತೆಯ ಧೂಳು ಒಳಹೊಕ್ಕರೆ ಎರಡೂ ಏರಬೇಕು. ಇದು ನಾನು ಕಾಲೇಜಿನಲ್ಲಿ ಓದಿ ಪರೀಕ್ಷೆಯಲ್ಲಿ ಬರೆದ ವಿಷಯ. ನಾಲ್ಕು ವರದಿಯಲ್ಲೂ ಅಲ್ಯೂಮಿನಿಯಂ ಮೂರು, ನಾಲ್ಕು, ಮೂರು, ಎರಡು.

ಹಾಗಾದರೆ ಅದು ಮಣ್ಣಲ್ಲ. ಎಡಕ್ಕೂ ಬಲಕ್ಕೂ ಬದಲಾದದ್ದು ಒಂದೇ: ಪಂಪು ಹೋಗಿ ಲೋಟ ಬಂದದ್ದು.

ಲೋಟ ಹಿಡಿದು ಕಾಕಾನ ಹತ್ತಿರ ಹೋದೆ. "ಇದರಾಗ ಏನರ ಇರಬಹುದೇನ್ ಕಾಕಾ? ದಿನಾ ತಿಕ್ಕಿ ತೊಳೀತೀನಿ."

"ಯಾತರಲೇ ತಿಕ್ತಿ?"

ನಾನು ನಲ್ಲಿಯ ಕಡೆ ನೋಡಿದೆ. ನಲ್ಲಿಯ ಪಕ್ಕ ಒಂದು ಚೀಲ. ಅದರಲ್ಲಿ ಹೊಟ್ಟಿನ ಬೂದಿ.

ನಮ್ಮ ಗ್ಯಾರೇಜು ಅಕ್ಕಿ ಗಿರಣಿಗಳ ಸಾಲಿನ ಹಿಂದಿದೆ. ಗಿರಣಿಯ ಬಾಯ್ಲರಿಗೆ ಭತ್ತದ ಹೊಟ್ಟು ಉರಿಸುತ್ತಾರೆ, ಬೂದಿ ಗುಡ್ಡೆ ಬೀಳುತ್ತದೆ. ಗಂಗಾವತಿಯಲ್ಲಿ ಪಾತ್ರೆ ತಿಕ್ಕಲು, ಗ್ರೀಸು ಹತ್ತಿದ ಕೈ ತೊಳೆಯಲು, ನೆಲಕ್ಕೆ ಚೆಲ್ಲಿದ ಎಣ್ಣೆ ಹೀರಿಸಲು ಅದೇ. ಸಾಬೂನು ಸೋತಲ್ಲಿ ಅದು ಗೆಲ್ಲುತ್ತದೆ. ನಾನು ಹುಟ್ಟಿದಾಗಿನಿಂದ ಅದನ್ನು ಕೊಳೆ ತೆಗೆಯುವ ವಸ್ತು ಎಂದೇ ಕಂಡವಳು, ಅದೇ ಒಂದು ಕೊಳೆಯಾದೀತು ಎಂದು ಹೊಳೆದೇ ಇರಲಿಲ್ಲ. ಹೊಟ್ಟಿನ ಬೂದಿಯಲ್ಲಿ ಬಹುಪಾಲು ಇರುವುದು ಸಿಲಿಕಾ, ವರದಿಯ ಲೆಕ್ಕದಲ್ಲಿ ಸಿಲಿಕಾನ್. ಅಲ್ಯೂಮಿನಿಯಂ ಇಲ್ಲವೆಂಬಷ್ಟು ಕಡಿಮೆ.

ಕಾಕಾ ಒಂದು ಗುಂಡುಸೂಜಿಯನ್ನು ಲೋಟದ ಬಾಯಿಯ ಮಡಿಸಿದ ಅಂಚಿನೊಳಗೆ ಆಡಿಸಿ ಬಿಳಿ ಹಾಳೆಯ ಮೇಲೆ ತಟ್ಟಿದರು. ಚಿಟಿಕೆಯಷ್ಟು ಬೂದುಪುಡಿ ಬಿತ್ತು.

"ಭಾಳ ಸ್ವಚ್ಛ ಇಟ್ಟೀದಿ ನೋಡವಾ" ಎಂದರು. ಹಂಗಿಸಿದ್ದಲ್ಲ. ಹಂಗಿಸಿದ್ದರೆ ಹಗುರಾಗುತ್ತಿತ್ತು.

ಊಹೆಯ ಮೇಲೆ ಇನ್ನೊಮ್ಮೆ ಬಾಯಿ ಬಿಡಬಾರದೆಂದು ಅವತ್ತೇ ನಿರ್ಧರಿಸಿದೆ. ಡಿಸೆಂಬರ್ ಇಪ್ಪತ್ತೆರಡಕ್ಕೆ ಸೀಲು ಒಡೆಯದ ಹೊಸ ಎಣ್ಣೆಯ ಡಬ್ಬಿ ತಂದೆ. ಒಂದು ಬಾಟಲಿಗೆ ಡಬ್ಬಿಯಿಂದ ನೇರ ಹಾಕಿದೆ. ಎರಡನೆಯದಕ್ಕೆ, ಎಂದಿನಂತೆ ಬೂದಿಯಲ್ಲಿ ತಿಕ್ಕಿ ತೊಳೆದು ಒಣಗಿಸಿದ ಲೋಟದ ಮೂಲಕ. ಯಾವುದು ಯಾವುದೆಂದು ಪ್ರಯೋಗಾಲಯಕ್ಕೆ ತಿಳಿಸಲಿಲ್ಲ, ಅ ಮತ್ತು ಆ ಎಂದಷ್ಟೇ ಬರೆದೆ. ಜನವರಿ ಎರಡಕ್ಕೆ ಉತ್ತರ ಬಂತು. ಅ: ಸಿಲಿಕಾನ್ 5. ಆ: 49. ಯಾವ ಎಂಜಿನ್ನನ್ನೂ ಕಾಣದ ಎಣ್ಣೆಯಲ್ಲಿ ನಲವತ್ತೊಂಬತ್ತು.

ಆ ಹನ್ನೊಂದು ದಿನ ನಾನು ಕಾದದ್ದು ಏನನ್ನು ಎಂದರೆ ಹೇಳಲು ನಾಚಿಕೆಯಾಗುತ್ತದೆ. ಲೋಟ ನಿರ್ದೋಷಿ ಎಂದು ಬರಲಿ, ಚಾಲಕನೇ ತಪ್ಪಿತಸ್ಥನಾಗಿರಲಿ ಎಂದು.

ಮಾಲಕರಿಗೆ ಎರಡೂ ವರದಿ ತೋರಿಸಿದೆ. ಅವರು ಕನ್ನಡಕ ತೆಗೆದಿಟ್ಟರು.

"ಇನ್ಮ್ಯಾಲ ಬರೋಬ್ಬರಿ ತಗೀ. ಲೋಟ ಒಗದು ಬಿಡು. ಮುಗೀತಲ್ಲ?"

"ಕುಷ್ಟಗಿ ಚಾಲಕಂದು ಏನ್ ಮಾಡೂದ್ರಿ?"

"ಎರಡ್ ತಿಂಗಳಾತವಾ. ಅಂವ ಎಲ್ಲೋ ಹೊಟ್ಟಿಗೆ ದಾರಿ ಮಾಡ್ಕೊಂಡಿರ್ತಾನ. ನೀ ಹೋಗಿ ಹೇಳಿದ್ರ ನಾಳಿಂದ ನಮ್ಮ ವರದಿ ಯಾರ್ ನಂಬ್ತಾರ?"

"ನಂಬಬಾರದ್ರಿ" ಎಂದುಬಿಟ್ಟೆ. "ಆ ನಾಕು ವರದಿ ಯಾರೂ ನಂಬಬಾರದು."

ಅವರು ಕಾಕಾನ ಕಡೆ ತಿರುಗಿದರು. ಕಾಕಾ ಬೋಲ್ಟು ಬಿಚ್ಚುತ್ತಿದ್ದ ಪಾನಾ ಕೆಳಗಿಟ್ಟು, "ಸರ, ನಾನೂ ಅವತ್ತು ಒಂದ್ ಮಾತಂದು ಸುಮ್ಮನಾದೆ. ಎರಡನೇದ್ದು ಅನ್ನಬೇಕಿತ್ತು. ಹುಡುಗಿ ಹೋಗಿ ಹೇಳ್ಲಿ ಬಿಡ್ರಿ" ಎಂದರು. ಮಾಲಕರು ಹೋಗು ಎನ್ನಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಶಿಕ್ಷಕರಿಗೆ, ಬಾಡಿಗೆ ಗಾಡಿಯವರಿಗೆ, ವೈದ್ಯೆಗೆ ಅವತ್ತೇ ಫೋನ್ ಮಾಡಿ ವರದಿ ತಪ್ಪೆಂದು ಹೇಳಿದೆ. ಮೂರೂ ಸೇರಿ ಹತ್ತು ನಿಮಿಷ ಆಯಿತು. ನಾಲ್ಕನೆಯದು ಫೋನಿನಲ್ಲಿ ಆಗುವಂಥದ್ದಾಗಿರಲಿಲ್ಲ.

ಜನವರಿ ನಾಲ್ಕಕ್ಕೆ ಬಸ್ಸು ಹಿಡಿದು ಕುಷ್ಟಗಿಗೆ ಹೋದೆ. ಸಾವ್ಕಾರರ ಮನೆ ಅಂಗಡಿಯ ಹಿಂದೆಯೇ. ಪಡಸಾಲೆಯಲ್ಲಿ ಕೂತು ಲೋಟ, ಬೂದಿ, ಅ ಮತ್ತು ಆ, ಎಲ್ಲವನ್ನೂ ಹೇಳಿದೆ. ಕೊನೆಗೆ ಸಾವ್ಕಾರರು, "ಹಂಗಾದ್ರ ನವಲಿ?" ಎಂದರು.

ಒಳಗಿನಿಂದ ಅವರ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. "ನವಲಿಗೆ ನಾನ ಕಳಿಸಿದ್ದೆ. ನಮ್ಮಕ್ಕನ ಮಗಳಿಗೆ ಹೆರಿಗಿ ಬ್ಯಾನಿ ಬಂದಿತ್ತು, ಹೊಲದ ಮನಿಯಿಂದ ದವಾಖಾನಿಗೆ ಒಯ್ದಿದ್ದ. ನಾ ಅವತ್ತ ಹೇಳಿದ್ನಲ್ರಿ? ಕಾಗದದಾಗ ಬರದೈತಿ, ನಿನಗೇನ್ ತಿಳೀತೈತಿ ಅಂದ್ರಿ."

ಒಂದು ಕಡೆ ಹೆಂಡತಿಯ ಮಾತು, ಎಂಟು ವರ್ಷದ ದುಡಿಮೆ, ಮಿಸ್ತ್ರಿಯ ಕೈಯಳತೆ, ಪ್ಲಗ್ಗಿನ ಮ್ಯಾಗ್ನೆಟ್. ಇನ್ನೊಂದು ಕಡೆ ನಾನು ಬಿಡಿಸಿ ತೋರಿಸಿದ ಒಂದು ಹಾಳೆ. ಸಾವ್ಕಾರರು ತೂಗಿದ್ದು ಹೇಗೆಂದು ನನಗೆ ಗೊತ್ತು, ತಕ್ಕಡಿ ಹಿಡಿದವಳು ನಾನೇ.

"ಫೋನ್ ಮಾಡಿ ಬಾ ಅಂತೀನಿ" ಎಂದರು ಸಾವ್ಕಾರರು. ಮಾಡಿದರು. ಆ ಕಡೆಯಿಂದ ಯಾರೂ ಎತ್ತಲಿಲ್ಲ.

ಚಾಲಕ ಎಲ್ಲಿದ್ದಾನೆಂದು ಅಂಗಡಿಯ ಹಮಾಲನೊಬ್ಬ ಹೇಳಿದ. ಅಂಜನಾದ್ರಿ ಬೆಟ್ಟದ ಕೆಳಗೆ ಇನ್ನೊಬ್ಬರ ಆಟೋ ಓಡಿಸುತ್ತಾನೆ, ಅಲ್ಲೇ ಒಂದು ಕೋಣೆ ಹಿಡಿದಿದ್ದಾನೆ. ನನ್ನ ಗ್ಯಾರೇಜಿನಿಂದ ಅರ್ಧ ಗಂಟೆಯ ದಾರಿ. ಮರುದಿನ ಮಧ್ಯಾಹ್ನ ಹೋದಾಗ ಯಾತ್ರಿಕರನ್ನು ಇಳಿಸಿ ಆಟೋದ ನೆರಳಿನಲ್ಲಿ ನಿಂತಿದ್ದ. ನನ್ನನ್ನು ನೋಡಿ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ಹಾಕಿದ.

"ಏನ್ರಿ ಮೇಡಂ, ಬೆಟ್ಟಕ್ಕ ಬಂದ್ರೇನು?"

ತಂಗಿ ಎನ್ನಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ. ಮನೆಯಲ್ಲಿ ಮೂರು ಸಲ ಹೇಳಿಕೊಂಡು ಬಂದಿದ್ದರೂ ಲೋಟದ ಹತ್ತಿರ ಬಂದಾಗ ಮತ್ತೆ ಮೊದಲಿಂದ ಶುರು ಮಾಡಿದೆ. ಅವನು ಬೆಟ್ಟದ ಮೆಟ್ಟಿಲ ಕಡೆ ನೋಡುತ್ತ ಕೇಳಿದ.

"ಸಾವ್ಕಾರ್ರಿಗೆ ಹೇಳೀರೇನು?"

"ಹೇಳೀನ್ರಿ. ತಿರುಗಿ ಬಾ ಅಂದಾರ."

"ಎಲ್ಲಿ ಹೇಳಿದ್ರಿ?"

"ಅವರ ಮನ್ಯಾಗ, ಪಡಸಾಲ್ಯಾಗ."

"ನನಗ ಅಂಗಡಿ ಮುಂದ ಅಂದಾರ್ರಿ. ಹದಿನಾರು ಮಂದಿ ಹಮಾಲರಿದ್ರು, ಗೊಬ್ಬರ ಒಯ್ಯಾಕ ಬಂದ ರೈತರಿದ್ರು. ನೀವು ಪಡಸಾಲ್ಯಾಗ ಹೇಳಿ ಬಂದ್ರ ಅವರಿಗೆ ಹ್ಯಾಂಗ ಮುಟ್ಟಬೇಕು?"

ಅಂಗಡಿಯ ಮುಂದೆ ಹೇಳಲು ಯಾವತ್ತು ಬರಲಿ ಎಂದು ಕೇಳಿದೆ. ಹನ್ನೊಂದನೇ ತಾರೀಖು ಲಾರಿ ಖಾಲಿ ಮಾಡುವ ದಿನ, ಎಲ್ಲರೂ ಇರುತ್ತಾರೆ ಎಂದ.

ಜನವರಿ ಹನ್ನೊಂದು, ಬೆಳಿಗ್ಗೆ ಒಂಬತ್ತೂವರೆ. ಲಾರಿಯ ಹಿಂದಿನ ಬಾಗಿಲು ತೆರೆದಿತ್ತು. ಸಾವ್ಕಾರರು ಕೋಲೂರಿ ಅಂಗಡಿಯ ಕಟ್ಟೆಯ ಮೇಲೆ ನಿಂತರು, ಚಾಲಕ ರಸ್ತೆಯಲ್ಲಿ ನಿಂತ. ನಾನು ಇಬ್ಬರ ನಡುವಿನ ಮೆಟ್ಟಿಲ ಮೇಲೆ. ಹಮಾಲರು ತಲೆಯ ಮೇಲಿನ ಗೋಣಿತಟ್ಟು ತೆಗೆದು ಸುತ್ತ ಬಂದರು. ಸಿಲಿಕಾನ್ ಎಂಬ ಶಬ್ದ ಬಿಟ್ಟು ಹೇಳಿದೆ. ನನ್ನ ಪಾತ್ರೆಯಲ್ಲಿ ಬೂದಿ ಉಳಿದಿತ್ತು, ಅದನ್ನು ನಾನು ಧೂಳು ಎಂದೆ, ಗಾಡಿಯಲ್ಲಿ ಏನೂ ಇರಲಿಲ್ಲ, ಈ ಮನುಷ್ಯ ಏನೂ ಮಾಡಿಲ್ಲ, ತಪ್ಪು ನನ್ನದು.

ಒಬ್ಬ ಹಿರಿಯ ಹಮಾಲ ಕೇಳಿದ, "ಅಂದ್ರ ನೀ ಲೋಟ ತಿಕ್ಕಿದ್ದಕ್ಕ ಇಂವನ ನೌಕರಿ ಹೋತೇನವಾ?"

"ಹೌದ್ರಿ."

"ನಮ್ಮನ್ಯಾಗ ಯಾರೂ ತಿಕ್ಕೂದ ಇಲ್ಲ, ಭಾಳ ಛಲೋ ಆತು ಬಿಡು" ಎಂದ ಇನ್ನೊಬ್ಬ. ನಗು ಎದ್ದಿತು. ಚಾಲಕ ನಗಲಿಲ್ಲ. ಸಾವ್ಕಾರರೂ ನಗಲಿಲ್ಲ. ಅವರು ಕೋಲು ಗೋಡೆಗೆ ಆನಿಸಿ, ಕುಂಟುತ್ತ ಒಂದೊಂದೇ ಮೆಟ್ಟಿಲು ಇಳಿದು ರಸ್ತೆಗೆ ಬಂದರು.

"ನಂದೂ ತಪ್ಪಾತು. ನಾಳಿಂದ ಬಾ."

"ಬರೂದಿಲ್ರಿ ಸಾವ್ಕಾರ್ರ" ಎಂದ ಚಾಲಕ, ಮೆತ್ತಗೆ. "ಇಷ್ಟು ಮಂದಿ ಮುಂದ ಅಂದ್ರಲ್ಲ, ಸಾಕು. ಮನ್ಯಾಗ ಅಕ್ಕಾರಿಗೆ ನಮಸ್ಕಾರ ಹೇಳ್ರಿ."

ಬಸ್‌ಸ್ಟ್ಯಾಂಡಿಗೆ ಇಬ್ಬರೂ ಒಂದೇ ದಾರಿಯಲ್ಲಿ ನಡೆದೆವು. ಅವನು ಹನುಮಸಾಗರಕ್ಕೆ ಹೋಗುವವನಿದ್ದ, ಮನೆಯವರಿಗೆ ಹೇಳಬೇಕು ಎಂದ. ನವೆಂಬರ್ ಹದಿನೇಳರಿಂದ ಐವತ್ತೈದು ದಿನ ಎಂದು ನಾನು ಎಣಿಸಿಕೊಂಡಿದ್ದೆ. ಬಸ್ಸು ಇನ್ನೂ ಬಂದಿರಲಿಲ್ಲ.

"ಮೇಡಂ, ಒಂದು ಹೇಳ್ಲ್ಯಾ?" ಎಂದ. "ಯಲಬುರ್ಗಾ ದಾರ್ಯಾಗ ಒಂದಿನ ಗಿಡದ ಕೆಳಗ ಗಾಡಿ ನಿಲ್ಲಿಸಿ ಫಿಲ್ಟರ್ ತಗದು ಝಾಡಿಸಿದ್ದೆ. ನಡುವ ಫೋನ್ ಬಂತು. ಮಾತಾಡಿಕೋತ ಮುಚ್ಚಳ ಹಾಕಿದೆ. ಬರೋಬ್ಬರಿ ಕುಂತಿತ್ತೋ ಇಲ್ಲೋ, ನೆನಪ ಬರವಲ್ದು. ಸಾವ್ಕಾರ್ರು ಅಂದಾಗ ನಾ ಯಾಕ ತಿರುಗಿ ಮಾತಾಡಲಿಲ್ಲ ಅಂತೀರಿ? ಇದ್ರೂ ಇರಬಹುದು ಅನ್ನಿಸ್ತು. ಹೆಂಡ್ತಿಗೂ ಹಂಗ ಹೇಳಿದ್ದೆ. ತಪ್ಪು ನಂದ ಇರಬೇಕು, ಧೂಳು ನಾನ ಬಿಟ್ಟೀನಿ ಅಂತ."

"ಇಲ್ರಿ ಅಣ್ಣಾರ. ಆರನೇ ತಾರೀಖು ಮಿಸ್ತ್ರಿ ಮುಚ್ಚಳ ತಗದು ನೋಡ್ಯಾರ, ಬರೋಬ್ಬರಿ ಇತ್ತು. ನಿಮ್ಮದೇನೂ ತಪ್ಪಿಲ್ಲ. ನನಗ ಖಾತ್ರಿ ಐತಿ."

"ಅವತ್ತೂ ನಿಮಗ ಖಾತ್ರಿ ಇತ್ತಲ್ರಿ."

ಸಿಟ್ಟಿನಿಂದ ಹೇಳಿದ್ದಲ್ಲ. ನಿಜಕ್ಕೂ ತಿಳಿದುಕೊಳ್ಳಲು ಕೇಳಿದ ಹಾಗಿತ್ತು, ಉತ್ತರಕ್ಕೆಂದು ನನ್ನ ಮುಖ ನೋಡಿದ. ಹನುಮಸಾಗರದ ಬಸ್ಸು ಬಂತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಹತ್ತಿ, ಆಚೆ ಬದಿಯ ಕಿಟಕಿಯ ಹತ್ತಿರ ಹೋಗಿ ಕೂತ.